ಚುಟ್ಟಾ ಸುತ್ತುವವಳ ಕಿವಿ

ಟಿನ್ ಓನ್ ನಿಂಬೆ ಹೋಳನ್ನು ಇನ್ನೊಮ್ಮೆ ಬೂದಿಯಲ್ಲಿ ಅದ್ದಿ ಸತ್ತವಳ ಹೆಬ್ಬೆರಳನ್ನು ಉಜ್ಜಿದಳು. ಹಳದಿ ಹೋಗಲಿಲ್ಲ.

"ಬಿಡಿ ದೊಡ್ಡಮ್ಮ, ಅದು ಹೋಗಲ್ಲ," ಎಂದಳು ಥೀರಿ. ತಾಯಿಯ ಕಾಲಿನ ಎರಡೂ ಹೆಬ್ಬೆರಳುಗಳನ್ನು ಸೇರಿಸಿ, ತನ್ನ ತಲೆಯಿಂದ ಕತ್ತರಿಸಿದ ಕೂದಲ ಎಳೆಯಿಂದ ಕಟ್ಟುತ್ತಿದ್ದಳು ಅವಳು. ಕೂದಲು ಜಾರಿ ಜಾರಿ ಗಂಟು ನಿಲ್ಲುತ್ತಿರಲಿಲ್ಲ.

"ಹೋಗಲ್ಲ ಅಂತ ನಂಗೆ ಗೊತ್ತಿಲ್ವೇನೇ? ಐವತ್ತು ವರ್ಷ ಹೊಗೆಸೊಪ್ಪು ಮುಟ್ಟಿದ ಕೈ. ನನ್ನ ಕೈ ನೋಡು, ಅರಿಶಿನದ ಕೊಂಬಿನ ಹಾಗಿದೆ. ಆದ್ರೂ ಹೊಸ ಲುಂಗಿ ಉಟ್ಕೊಂಡು ಹೊರಟೋಳಲ್ವಾ, ಕೈನೂ ಒಂಚೂರು ಚೆಂದ ಇರ್ಲಿ ಅಂತ."

ಗಂಟು ಕೊನೆಗೂ ನಿಂತಿತು. ಥೀರಿ ಕೈಬೆರಳುಗಳ ಕಡೆ ಸರಿದಳು. ತಾಯಿಯ ಎಡಗೈ ತೋರುಬೆರಳಿನ ಒಳಬದಿಯಲ್ಲಿ ಸಣ್ಣ ಸಣ್ಣ ಗಾಯದ ಗೆರೆಗಳಿದ್ದವು, ಒಂದರ ಪಕ್ಕ ಒಂದು. ಕೆಲವು ಹಳೆಯವು, ಬೆಳ್ಳಗಾದವು. ಎರಡು ಇನ್ನೂ ಕೆಂಪಗಿದ್ದವು. ಎಲೆ ಕತ್ತರಿಸುವ ಕತ್ತರಿ ಹೀಗೆ ಕುಯ್ಯುವುದಿಲ್ಲ.

"ಇದೇನು ದೊಡ್ಡಮ್ಮ?"

ಟಿನ್ ಓನ್ ಆ ಅಂಗೈಯನ್ನು ಮೆಲ್ಲನೆ ಮಡಿಸಿ ತನ್ನ ಅಂಗೈಯೊಳಗೆ ಮುಚ್ಚಿಕೊಂಡಳು. "ವಯಸ್ಸಾಗಿತ್ತಲ್ಲ, ಕೈ ನಡುಗೋದು. ನೀನು ಹೋಗಿ ನಿಮ್ಮಪ್ಪನ್ನ ಎಬ್ಬಿಸು. ಹೊತ್ತಾಯ್ತು."

ಹೊರಗೆ ಹೊಳೆಯಿಂದ ಎದ್ದ ಮಂಜು ಇನ್ನೂ ಇಳಿದಿರಲಿಲ್ಲ. ಬೀದಿಯ ಬೇಲಿಗಳು, ಹುಣಸೆಮರ, ಶವಯಾತ್ರೆಗೆ ಬಂದು ನಿಂತ ವ್ಯಾನು, ಎಲ್ಲವೂ ಹಾಲಲ್ಲಿ ಅದ್ದಿ ತೆಗೆದಂತಿದ್ದವು. ನಾಳೆ ಹುಣ್ಣಿಮೆ. ಬೀದಿಯ ಕೊನೆಯ ವಿಹಾರದ ಅಂಗಳದಲ್ಲಿ ಗಂಡಸರು ದೊಡ್ಡ ಬಾಣಲೆ ಇಟ್ಟು, ಎಳ್ಳು, ಕಡಲೆಬೀಜ, ಕೊಬ್ಬರಿ ಹಾಕಿ ಅಂಟಕ್ಕಿಯನ್ನು ಹುಟ್ಟುಗಳಲ್ಲಿ ತಿರುವುತ್ತಿದ್ದರು. ಅವರು ಕಾಣುತ್ತಿರಲಿಲ್ಲ, ಪರಿಮಳ ಮಾತ್ರ ಬರುತ್ತಿತ್ತು. ಹುಣ್ಣಿಮೆಯ ದಿನ ಹೆಣ ಮನೆಯಲ್ಲಿ ಇರಬಾರದು. ಅದಕ್ಕೇ ನಿನ್ನೆ ಸತ್ತವಳನ್ನು ಇವತ್ತೇ ಕಳಿಸುವ ಅವಸರ.

ನಿನ್ನೆ ಮಧ್ಯಾಹ್ನ ಸೋ ಯಿನ್ ಚುಟ್ಟಾ ತಟ್ಟೆಯ ಮುಂದೆ ಕೂತಲ್ಲೇ ಗೋಡೆಗೆ ಒರಗಿದ್ದಳು. ಬೆರಳ ನಡುವೆ ಅರ್ಧ ಸುತ್ತಿದ ಚುಟ್ಟಾ ಹಾಗೇ ಇತ್ತು. ಗಂಡ ಸಾನ್ ಪೇ ಚಹಾ ತಂದು ಅವಳ ಮುಂದಿಟ್ಟು, ಎದುರು ಕೂತು ತನ್ನ ಚಹಾ ಕುಡಿದು ಮುಗಿಸಿದ್ದರು. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದರು. ಆ ಮನೆಯಲ್ಲಿ ಮಾತಿಲ್ಲದೆ ಎದುರೆದುರು ಕೂರುವುದು ಹೊಸದೇನೂ ಅಲ್ಲ. ಅವಳ ಚಹಾದ ಮೇಲೆ ಕೆನೆ ಕಟ್ಟಿದ್ದು ನೋಡಿದ ಮೇಲೆಯೇ ಅವರು ಎದ್ದು ಅವಳ ಭುಜ ಮುಟ್ಟಿದ್ದು.

ಥೀರಿ ಹಿತ್ತಿಲಿಗೆ ಬಂದಾಗ ಅಪ್ಪ ಹುಣಸೆಮರದ ಕೆಳಗಿನ ಬಿದಿರು ಮಂಚದ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ನಿನ್ನೆಯ ಅಂಗಿಯೇ ಮೈಮೇಲಿತ್ತು. ಅವಳು ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು, ಜೋರಾಗಿ ಹೇಳಿದಳು.

"ಅಪ್ಪಾ, ಬಟ್ಟೆ ಬದಲಾಯ್ಸಿ. ಹೊರಡೋ ಹೊತ್ತು."

"ಮಂಡಿ ನೋವು."

"ವ್ಯಾನಿದೆ. ನೀವು ನಡೀಬೇಕಾಗಿಲ್ಲ."

"ವ್ಯಾನು ಹತ್ತೋಕೂ ಮಂಡಿ ಬೇಕು."

"ಎತ್ತಿ ಕೂರಿಸ್ತಾರೆ."

"ಒಂದು ಮನೆಯಿಂದ ಇಬ್ಬರನ್ನ ಎತ್ತಬಾರದು," ಎಂದರು ಸಾನ್ ಪೇ. ಮುಖ ಮತ್ತೆ ಹೊಳೆಯ ಕಡೆಗೆ ತಿರುಗಿತು. ಅಲ್ಲಿ ಮಂಜಿನ ಹೊರತು ಏನೂ ಇರಲಿಲ್ಲ.

ಮುಂಬಾಗಿಲಲ್ಲಿ ಚಾಪೆ ಹಾಸಿ ರಾತ್ರಿಯಿಂದ ಹೆಣ ಕಾಯುತ್ತ ಇಸ್ಪೀಟು ಆಡುತ್ತಿದ್ದ ನೆರೆಯವರು ಎಲೆ ಹಾಕುತ್ತಲೇ ಮಾತಾಡಿಕೊಂಡರು.

"ಸಾನ್ ಪೇ ಮೇಷ್ಟ್ರು ಬರಲ್ವಂತೆ."

"ಇನ್ನೂ ಆ ಪತ್ತಲಾದ ಸಿಟ್ಟಾ? ಹದಿನೆಂಟು ವರ್ಷ ಆಯ್ತಲ್ಲೋ ಮಾರಾಯ!"

"ಮೆಲ್ಲಗೆ."

"ಯಾಕೆ ಮೆಲ್ಲಗೆ? ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಮನುಷ್ಯ ತಿರುಗಿ ನೋಡಲ್ಲ." ಹಾಗೆ ಅಂದವನು ನಕ್ಕ. ಆಮೇಲೆ ಒಳಗಿನ ಶವಪೆಟ್ಟಿಗೆಯ ಕಡೆ ನೋಡಿ, ಬಾಯಿ ಮುಚ್ಚಿಕೊಂಡು, ಕಲ್ಲಂಗಡಿ ಬೀಜ ಒಡೆಯತೊಡಗಿದ.

*

ಸೋ ಯಿನ್ ಇಪ್ಪತ್ತನೇ ವಯಸ್ಸಿಗೆ ಈ ಮನೆಗೆ ಬಂದಾಗ ಪತ್ತಲಾ ಎಂಬ ಆ ಬಿದಿರಿನ ವಾದ್ಯ ಆಗಲೇ ಇಲ್ಲಿತ್ತು. ಸಾನ್ ಪೇಗೆ ಅದನ್ನು ಕೊಟ್ಟದ್ದು ಅವರ ಗುರು, ಗುರುವಿಗೆ ಅವರ ಗುರು. ದೋಣಿಯ ಹಾಗೆ ಎರಡೂ ತುದಿ ಎತ್ತಿಕೊಂಡ ತೇಗದ ಮೈ. ಬಂಗಾರದ ಲೇಪ ಅಲ್ಲಲ್ಲಿ ಎದ್ದು ಕೆಳಗಿನ ಕೆಂಪು ಅರಗು ಕಾಣುತ್ತಿತ್ತು. ದೋಣಿಯ ಬಾಯಿಗೆ ಅಡ್ಡಲಾಗಿ ಹುರಿಯಲ್ಲಿ ಇಪ್ಪತ್ನಾಲ್ಕು ಬಿದಿರಿನ ಪಟ್ಟಿಗಳು ತೂಗುತ್ತಿದ್ದವು. ಬಟ್ಟೆ ಸುತ್ತಿದ ಎರಡು ಕೋಲುಗಳಿಂದ ಬಡಿದರೆ ಪಟ್ಟಿ ಕೂಗುತ್ತಿರಲಿಲ್ಲ. ನೀರೊಳಗಿಂದ ಯಾರೋ ಉತ್ತರ ಕೊಟ್ಟಂತೆ ಕೇಳಿಸುತ್ತಿತ್ತು.

ಬೇಸಗೆಯಲ್ಲಿ ಸಾನ್ ಪೇ ನಾಟಕ ತಂಡದ ಜೊತೆ ಊರೂರು ಸುತ್ತುವರು, ಮಳೆಗಾಲದಲ್ಲಿ ಮನೆಯಲ್ಲಿ ಪಾಠ ಹೇಳುವರು. ಸೋ ಯಿನ್ ಅದೇ ಕೋಣೆಯ ಗೋಡೆಗೆ ಒರಗಿ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಚುಟ್ಟಾ ಸುತ್ತುವಳು. ಹುಣಸೆ ನೀರಲ್ಲಿ ನೆನೆಸಿ ಒಣಗಿಸಿದ ಹೊಗೆಸೊಪ್ಪಿನ ವಾಸನೆಯೂ ಪತ್ತಲಾದ ನಾದವೂ ಥೀರಿಯ ನೆನಪಿನಲ್ಲಿ ಇವತ್ತಿಗೂ ಬೇರೆ ಬೇರೆ ಆಗಿಲ್ಲ.

ಒಂದು ದಿನ ಶಿಷ್ಯೆಯೊಬ್ಬಳು ಬಾರಿಸುತ್ತಿದ್ದಾಗ ಸೋ ಯಿನ್ ತಲೆ ಎತ್ತದೆ, "ತಪ್ಪಿದ್ಳು," ಎಂದಳು. ಒಂದು ಗಳಿಗೆಯ ಮೇಲೆ ಮೇಷ್ಟ್ರಿಗೂ ಅದು ಹೊಳೆಯಿತು. ಅವರು ಕೋಲು ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕರು.

"ನೋಡ್ರಪ್ಪಾ, ಚುಟ್ಟಾ ಸುತ್ತೋಳಿಗೂ ಕಿವಿ ಬಂತು!"

ಅದು ಪ್ರೀತಿಯ ಮಾತಾಗಿತ್ತು. ಸೋ ಯಿನ್ ಕೂಡ ನಕ್ಕಿದ್ದಳು.

ಬಿದಿರು ಮಳೆಗಾಲದಲ್ಲಿ ನೀರು ಕುಡಿದು ಶ್ರುತಿ ಬದಲಿಸುತ್ತದೆ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಮೇಷ್ಟ್ರು ಪಟ್ಟಿಗಳನ್ನು ಮಗುಚಿ ಸಣ್ಣ ಚಾಕುವಿನಿಂದ ಹಿಂಬದಿಯನ್ನು ಹೆರೆದು ಸರಿಮಾಡುವರು. ಮರುದಿನ ಬೆಳಗ್ಗೆ ಸೋ ಯಿನ್ ಗುಡಿಸಿದರೆ ಒಂದು ಚಿಟಿಕೆ ಪುಡಿ ಸಿಗುತ್ತಿತ್ತು. ಅವರಿಗೆ ಐವತ್ತೈದು ದಾಟಿದ ಮೇಲೆ ಆ ಪುಡಿ ವರ್ಷಕ್ಕೆ ನಾಲ್ಕು ಸಲ ಕಾಣಿಸಿತು. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ದಿನಾ, ಬೊಗಸೆ ತುಂಬ.

"ಮೇಲಿನ ಪಟ್ಟಿಗಳು ಮಂಕಾಗಿವೆ," ಎನ್ನುವರು. "ದನಿ ಒಳಗೆ ಕೂತುಬಿಟ್ಟಿದೆ."

ದನಿ ಒಳಗೆ ಕೂತಿರಲಿಲ್ಲ. ಸೋ ಯಿನ್‌ಗೆ ಕೇಳಿಸುತ್ತಿತ್ತು. ಅವಳು ಹಿಂದಿನಿಂದ ಕರೆದರೆ ಮೇಷ್ಟ್ರು ತಿರುಗುತ್ತಿರಲಿಲ್ಲ. ಬಾಗಿಲ ಹೊರಗೆ ಹಾಲಿನವಳು ಕೂಗಿ ಕೂಗಿ ಹೋಗುವಳು. "ಈಗಿನ ಜನ ಗೊಣಗೋದೇ ಜಾಸ್ತಿ," ಎಂದು ಮೇಷ್ಟ್ರು ಬೈಯುವರು. ಶಿಷ್ಯರು ಒಬ್ಬೊಬ್ಬರೇ ಬಿಟ್ಟರು. "ಪರೀಕ್ಷೆಯಂತೆ" ಎಂದಳು ಸೋ ಯಿನ್ ಮೊದಲನೆಯವನಿಗೆ. "ಮದುವೆಯಂತೆ" ಎಂದಳು ಇನ್ನೊಬ್ಬಳಿಗೆ. ಊರಿನವರೂ ಅವಳ ಮುಖ ನೋಡಿ ಸುಮ್ಮನಾದರು. ಮೇಷ್ಟ್ರ ಮುಂದೆ ಕಿವಿಯ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಸಂಜೆ ಅವಳು ತಡೆಯಲಾರದೆ ಅವರ ಕೈ ಹಿಡಿದಳು. "ಸಾಕು ಮೇಷ್ಟ್ರೇ. ಚೆನ್ನಾಗಿದೆ. ಇನ್ನು ಹೆರೀಬೇಡಿ."

ಅವರು ಕೈ ಬಿಡಿಸಿಕೊಂಡರು. "ಚುಟ್ಟಾ ಸುತ್ತೋಳಿಗೆ ಶ್ರುತಿ ಏನು ಗೊತ್ತು?"

ಆ ಸಲ ಯಾರೂ ನಗಲಿಲ್ಲ.

ಅಷ್ಟರಲ್ಲಿ ಮೇಲಿನ ಏಳು ಪಟ್ಟಿಗಳು ಎಲೆಯಷ್ಟು ತೆಳ್ಳಗಾಗಿದ್ದವು. ಬಡಿದರೆ ಟಕ್ ಎನ್ನುತ್ತಿದ್ದವು, ಅಷ್ಟೇ. ಎಂಟನೆಯದರ ಮೇಲೆ ಚಾಕು ಬಿದ್ದ ದಿನ ಸೋ ಯಿನ್ ಅಡುಗೆಮನೆಯಲ್ಲಿ ಕೂತು ಅತ್ತಳು. ಮಳೆಗಾಲದ ವ್ರತಕ್ಕೆಂದು ಮೇಷ್ಟ್ರು ಹತ್ತು ದಿನ ವಿಹಾರಕ್ಕೆ ಧ್ಯಾನಕ್ಕೆ ಹೋದಾಗ ಅವಳು ಟಿನ್ ಓನ್‌ಳನ್ನು ಕರೆದಳು. ಇಬ್ಬರೂ ಸೇರಿ ಪತ್ತಲಾವನ್ನು ಟಾರ್ಪಾಲಿನಲ್ಲಿ ಸುತ್ತಿ ಸೈಕಲ್ ರಿಕ್ಷಾಕ್ಕೆ ಏರಿಸಿದರು. ಬೀದಿಗಳಲ್ಲಿ ಮೊಣಕಾಲುದ್ದ ನೀರು. ಹಿಂದಿನಿಂದ ತಳ್ಳುತ್ತಿದ್ದ ಟಿನ್ ಓನ್‌ಗೆ, ಆ ದೋಣಿ ಕೊನೆಗೂ ನೀರಿಗಿಳಿದು ತೇಲಿಹೋಗುತ್ತಿರುವ ಹಾಗೆ ಕಂಡಿತ್ತು.

ಊರ ಮ್ಯೂಸಿಯಂ ಹೊಳೆದಂಡೆಯ ಹಳೆಯ ಮರದ ಕಟ್ಟಡ. ಅಲ್ಲಿನ ಮೇಲ್ವಿಚಾರಕ ತೇ ಔಂಗ್‌ಗೆ ಆಗ ಇನ್ನೂ ಮೂವತ್ತಾಗಿರಲಿಲ್ಲ. ಅವನು ದಾನಿಯ ಹೆಸರು ಕೇಳಿದ.

"ಸಾನ್ ಪೇ ಮೇಷ್ಟ್ರು ಅಂತ ಬರೀರಿ."

"ನಿಮ್ಮ ಹೆಸರೂ ಹಾಕ್ಲಾ ಅಮ್ಮಾ?"

"ಬೇಡ. ಒಂದು ಮಾತು ಮಾತ್ರ ಬರೆದಿಟ್ಕೊಳ್ಳಿ. ಇದನ್ನ ಇನ್ಮೇಲೆ ಯಾರೂ ಹೆರೀಬಾರದು."

ವಾಪಸು ಬರುವಾಗ ಟಿನ್ ಓನ್ ಕೇಳಿದಳು. "ಅವರಿಗೇನು ಹೇಳ್ತೀಯೇ?"

"ಹೊಗೆಸೊಪ್ಪಿಗೆ ಜಾಗ ಬೇಕಿತ್ತು ಅಂತೀನಿ."

"ನಿನ್ನನ್ನ ಕೊಂದೇ ಬಿಡ್ತಾರೆ."

"ಕೊಲ್ಲಲ್ಲ. ಸಿಟ್ಟು ಮಾಡ್ಕೋತಾರೆ. ನನ್ನ ಮೇಲೆ ಸಿಟ್ಟಿದ್ರೆ ಮನುಷ್ಯ ಊಟ ಮಾಡ್ತಾರೆ, ಮಲಗ್ತಾರೆ, ಬೆಳಗ್ಗೆ ಏಳ್ತಾರೆ. ಆ ಏಳು ಪಟ್ಟಿನ ಹಾಳು ಮಾಡಿದ್ದು ತಾನೇ ಅಂತ ಗೊತ್ತಾದ್ರೆ ಏಳಲ್ಲ."

ಹತ್ತು ದಿನದ ಮೇಲೆ ಬಂದ ಮೇಷ್ಟ್ರು ಕೋಣೆಯ ನೆಲದ ಮೇಲೆ ದೋಣಿಯಾಕಾರದ ಬಿಳಿಚಿದ ಗುರುತನ್ನೂ, ಅದರ ಮೇಲೆ ಪೇರಿಸಿದ ಹೊಗೆಸೊಪ್ಪಿನ ಬುಟ್ಟಿಗಳನ್ನೂ ನೋಡಿದರು. ಕೇಳಿದರು. ಅವಳು ಹೇಳಿದಳು. ಅವರು ಚಾಪೆ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋದರು. ಅಲ್ಲಿಂದಾಚೆ ಅವರ ನಡುವೆ ಅನ್ನ, ಚಹಾ, ಸೊಳ್ಳೆಪರದೆ, ಇಷ್ಟರ ಮಾತು ಮಾತ್ರ. ಮ್ಯೂಸಿಯಂ ಇರುವ ಬೀದಿಗೆ ಮೇಷ್ಟ್ರು ಮತ್ತೆ ಕಾಲಿಡಲಿಲ್ಲ.

*

ಮಂಜು ಕರಗಿ ಬಿಸಿಲು ಬಂತು. ಪೆಟ್ಟಿಗೆಗೆ ಮುಚ್ಚಳ ಹಾಕಿದರು. ಮೆಟ್ಟಿಲ ಬಳಿ ನೀರಿನ ಮಡಕೆಯನ್ನು ಒಡೆದರು. ಬಂದವರಿಗೆಲ್ಲ ಹಂಚಿದ ಕಾಗದದ ಬೀಸಣಿಗೆಗಳ ಮೇಲೆ ಸೋ ಯಿನ್‌ಳ ಹೆಸರೂ ಅರವತ್ತೊಂಬತ್ತು ವರ್ಷವೆಂಬುದೂ ಅಚ್ಚಾಗಿತ್ತು. ಪೆಟ್ಟಿಗೆ ವ್ಯಾನಿನೊಳಗೆ ಹೋಯಿತು. ಆದರೂ ಮೇಷ್ಟ್ರು ಮಂಚ ಬಿಟ್ಟು ಏಳಲಿಲ್ಲ.

ಥೀರಿ ಅವರ ಮುಂದೆ ಮಂಡಿಯೂರಿ ಮೂರು ಸಲ ನಮಸ್ಕರಿಸಿದಳು. "ಅಪ್ಪಾ, ಅಲ್ಲಿ ಪುಣ್ಯ ಹಂಚೋ ನೀರು ಎರೆಯೋರು ನೀವೇ. ನೀವಿಲ್ದೆ ಭಿಕ್ಷುಗಳಿಗೆ ನಾನೇನು ಹೇಳ್ಲಿ?"

"ನನ್ನ ಪತ್ತಲಾನ ಕಳಿಸೋವಾಗ ಅವಳು ನನ್ನ ಕರೆದ್ಳಾ?" ಮೇಷ್ಟ್ರ ದನಿ ತಮಗೇ ತಿಳಿಯದಷ್ಟು ಜೋರಾಗಿತ್ತು. "ಈಗ ಅವಳನ್ನ ಕಳಿಸೋಕೆ ನಾನ್ಯಾಕೆ?"

ಬೀದಿಯೆಲ್ಲ ಕೇಳಿಸಿಕೊಂಡಿತು. ಅಲ್ಲಿಗೆ ಬಂದು ನಿಂತಿದ್ದ ತೇ ಔಂಗ್ ಈಗ ತಲೆ ನರೆತ ಗಂಡಸು. ಅವನು ಬಗ್ಗಿ ಮೇಷ್ಟ್ರ ಕಿವಿಯ ಹತ್ತಿರ ಮೆತ್ತಗೆ ಏನೋ ಹೇಳಿದ.

"ಆಂ?"

ತೇ ಔಂಗ್ ಸುತ್ತ ನೋಡಿ, ಇನ್ನೂ ಸ್ವಲ್ಪ ದನಿ ಏರಿಸಿದ. "ಅಮ್ಮ ಅದನ್ನ ಕೊಟ್ಟಿದ್ದಕ್ಕೆ ಕಾರಣ ಇತ್ತು ಮೇಷ್ಟ್ರೇ..."

"ಏನು ಮರಣ? ಮರಣ ಆಗಿದೆ ಅಂತ ನನಗೂ ಗೊತ್ತು!"

ಯಾರೋ ಕಿಸಕ್ಕೆಂದರು. ಅಷ್ಟು ಹೊತ್ತು ವ್ಯಾನಿನ ಪಕ್ಕ ನಿಂತಿದ್ದ ಟಿನ್ ಓನ್ ಜನರನ್ನು ತಳ್ಳಿಕೊಂಡು ಬಂದಳು. ಮೇಷ್ಟ್ರ ಎದುರು ನಿಂತು, ಸೊಂಟಕ್ಕೆ ಕೈಯಿಟ್ಟು, ಹಿಂದೆ ಚುಟ್ಟಾ ಕಾರ್ಖಾನೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ಕೂಗುತ್ತಿದ್ದ ದನಿಯನ್ನು ತೆಗೆದಳು.

"ನಿಮಗೆ ಕಿವಿ ಕೇಳಿಸ್ತಿರ್ಲಿಲ್ಲ! ಅದಕ್ಕೆ ಕೊಟ್ಳು! ಕೇಳಿಸದೆ ಕೇಳಿಸದೆ ನೀವು ಅದನ್ನ ಹೆರೆದು ಹೆರೆದು ಕೊಲ್ತಿದ್ರಿ! ನಿಮ್ಮ ಕೈಯಿಂದ ಅದನ್ನ ಉಳಿಸೋಕೆ ಕೊಟ್ಳು!"

ಇಸ್ಪೀಟಿನವರ ಕೈ ನಿಂತಿತು. ಹುಣಸೆಮರದ ಕಾಗೆಗಳು ಎದ್ದು ಹಾರಿದವು. ಮೇಷ್ಟ್ರಿಗೆ ಕಾಗೆಗಳು ಕಂಡವು. ಮಾತು ತಲುಪಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಯಾವಾಗ?"

"ಹದಿನೆಂಟು ವರ್ಷದ ಹಿಂದೆ!"

"ಆಗ ನನಗೆ ಕೇಳಿಸ್ತಿತ್ತು."

"ಇಲ್ಲ!"

ಅವರು ಮಗಳ ಮುಖ ನೋಡಿದರು. "ನಿನಗೂ ಗೊತ್ತಿತ್ತಾ?"

ಥೀರಿ ಹೌದೆಂದು ತಲೆಯಾಡಿಸಿದಳು. ಅವರು ಬೇಲಿಯುದ್ದಕ್ಕೂ ನಿಂತ ನೆರೆಯವರನ್ನು ನೋಡಿದರು, ಹಳೆಯ ಶಿಷ್ಯರನ್ನು, ಹಾಲಿನವಳನ್ನು. ಒಬ್ಬೊಬ್ಬರೂ ಕೈಯಲ್ಲಿದ್ದ ಬೀಸಣಿಗೆಯನ್ನೋ ಇಸ್ಪೀಟನ್ನೋ ನೋಡತೊಡಗಿದರು.

"ಊರಿಗೆಲ್ಲ ಗೊತ್ತಿತ್ತು," ಎಂದರು ಮೇಷ್ಟ್ರು ಮೆಲ್ಲನೆ. ಹಲವು ವರ್ಷಗಳಲ್ಲಿ ಅವರು ಅಷ್ಟು ಮೆಲ್ಲನೆ ಮಾತಾಡಿದ್ದು ಅದೇ ಮೊದಲು.

"ಇನ್ನೊಂದು ಮಾತು ಊರಿಗೆ ಗೊತ್ತಿಲ್ಲ," ಟಿನ್ ಓನ್ ಈಗ ಕೂಗಲಿಲ್ಲ. ತನ್ನ ಎಡಗೈ ತೋರುಬೆರಳಿನ ಮೇಲೆ ಬಲಗೈಯ ಚಾಕು ಆಡಿಸಿದಂತೆ ಮಾಡಿ, ತುಟಿಗಳನ್ನು ನಿಧಾನವಾಗಿ ಬಿಡಿಸಿ ಹೇಳಿದಳು. "ಹಾಳಾದ ಏಳೂ ಪಟ್ಟಿನ ಅವಳು ಹೊಸದಾಗಿ ಮಾಡಿ ಹಾಕಿದಾಳೆ."

ಥೀರಿ ತಾಯಿಯ ಪೆಟ್ಟಿಗೆಯ ಕಡೆ ತಿರುಗಿ ನೋಡಿದಳು. ಮೇಷ್ಟ್ರು, "ಸುಳ್ಳು," ಎಂದರು. ಎದ್ದರು. ಒಳಗೆ ಹೋಗಿ ಬಿಳಿ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿಕೊಂಡು ಬಂದು, ಯಾರಿಗೂ ಕಾಯದೆ ಬೀದಿಗಿಳಿದರು.

"ಮಂಡಿ ಎಲ್ಲಿ ಹೋಯ್ತು?" ಎಂದು ಯಾರೋ ಪಿಸುಗುಟ್ಟಿದರು.

*

ಶವ ಹೊರಟ ಮೇಲೆ ದಾರಿಯಲ್ಲಿ ನಿಲ್ಲಿಸಬಾರದು. ವ್ಯಾನು ಆಮೆಯ ಹಾಗೆ ಮುಂದೆ ಸಾಗಿತು. ಟಿನ್ ಓನ್ ಅದರ ಜೊತೆ ನಡೆದಳು. ಮ್ಯೂಸಿಯಂ ಸ್ಮಶಾನದ ದಾರಿಯಲ್ಲೇ ಇತ್ತು. ಬೇಗ ಬಂದು ಸೇರಿಕೊಳ್ಳುತ್ತೇವೆಂದು ಹೇಳಿ ತೇ ಔಂಗ್, ಥೀರಿ, ಮೇಷ್ಟ್ರು ಹಿಂಬಾಗಿಲಿನಿಂದ ಒಳಗೆ ಹೋದರು.

"ಈ ಬಾಗಿಲಿಂದಾನೇ ಅಮ್ಮ ಬರ್ತಿದ್ರು," ತೇ ಔಂಗ್ ಥೀರಿಗೆ ಹೇಳಿದ. "ಸೋಮವಾರ, ರಜೆ ದಿನ. ಮನೇಲಿ ಚುಟ್ಟಾ ಕೊಟ್ಟು ಬರ್ತೀನಿ ಅಂತ ಹೇಳಿ ಬರ್ತಿದ್ರು."

ಮೊದಲ ವರ್ಷ ಸೋ ಯಿನ್ ಬಂದು ಸುಮ್ಮನೆ ಅದರ ಮುಂದೆ ಕೂತು ಹೋಗುತ್ತಿದ್ದಳು. ಆಮೇಲೆ ಒಂದು ದಿನ, ಹೊಳೆಯಲ್ಲಿ ತೆಪ್ಪ ತಂದವರಿಂದ ತಾನೇ ತಟ್ಟಿ ತಟ್ಟಿ ಆರಿಸಿದ ದಪ್ಪ ಬಿದಿರೊಂದು ಮನೆಯಲ್ಲಿದೆ ಎಂದಳು. ಅದನ್ನು ಸೀಳಿ, ಅಡುಗೆಮನೆಯ ಅಟ್ಟದಲ್ಲಿ, ಹೊಗೆ ತಾಗುವ ಕಡೆ, ಮೂರು ವರ್ಷ ಒಣಗಿಸಿದಳು. ಮೇಷ್ಟ್ರು ಅದನ್ನು ಸೌದೆ ಎಂದುಕೊಂಡಿದ್ದರು. ಬಿದಿರು ಒಣಗಿದ ಮೇಲೆ ಸೋಮವಾರಗಳು ಶುರುವಾದವು. ತೇ ಔಂಗ್ ಕೆಳಗಿನ ಸ್ಥಾಯಿಯ ಪಟ್ಟಿಯನ್ನು ಬಡಿಯುವನು. ಸೋ ಯಿನ್ ಕಣ್ಣು ಮುಚ್ಚಿ ಕೇಳುವಳು. ಎಡಗೈಯಲ್ಲಿ ಬಿದಿರು, ಬಲಗೈಯಲ್ಲಿ ಚಾಕು. ಒಂದು ಗೆರೆ ಹೆರೆದು ಬಡಿಯುವಳು. ಇಲ್ಲವೆಂದು ತಲೆಯಾಡಿಸುವಳು. ಇನ್ನೊಂದು ಗೆರೆ. ಕೆಲವು ದಿನ ಗಂಟೆಗಟ್ಟಲೆ ಕೂತು ಒಂದೇ ಒಂದು ಗೆರೆ ಹೆರೆದು ಎದ್ದುಹೋಗುವಳು.

"'ಅಮ್ಮಾ, ಮಾಂಡಲೇಲಿ ಮಾಡೋರಿದಾರೆ, ತರಿಸ್ತೀನಿ' ಅಂದೆ ಒಂದ್ಸಲ," ತೇ ಔಂಗ್ ಗಾಜಿನ ಪೆಟ್ಟಿಗೆಯ ಬೀಗ ತೆಗೆಯುತ್ತ ಹೇಳಿದ. "ಅವರು 'ಮಾಂಡಲೇಯೋರಿಗೆ ನಮ್ಮನೆ ಪತ್ತಲಾ ಹೇಗಿತ್ತು ಅಂತ ಹೇಗಪ್ಪಾ ಗೊತ್ತು? ನಾನು ಮೂವತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದೀನಿ' ಅಂದ್ರು. ಒಂದೊಂದು ಪಟ್ಟಿಗೂ ಎರಡು ವರ್ಷ. ಎಷ್ಟೋ ಬಿಸಾಕಿದ್ರು. ಕೊನೇದು ಮುಗಿದಿದ್ದು ಹೋದ ತಿಂಗಳು."

ಮೇಷ್ಟ್ರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರು ಗೋಡೆಯ ಮೇಲಿನ ಫಲಕವನ್ನು ಓದುತ್ತಿದ್ದರು. ಅಲ್ಲಿ ಅವರ ಹೆಸರೊಂದೇ ಇತ್ತು.

ಗಾಜು ಸರಿಯಿತು. ಎತ್ತರದ ಕಿಟಕಿಗಳಿಂದ ಬಿದ್ದ ಬಿಸಿಲಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅರಮನೆಯ ಪಲ್ಲಕ್ಕಿ, ಬುದ್ಧನ ಪೀಠಗಳು, ಬೆಳ್ಳಿಯ ಎಲೆಯಡಿಕೆ ತಟ್ಟೆಗಳ ನಡುವೆ ಆ ದೋಣಿ ಯಾವುದೋ ನಿದ್ದೆಯ ಹೊಳೆಯಲ್ಲಿ ನಿಂತಂತಿತ್ತು. ಮೇಷ್ಟ್ರು ಅದರ ಮುಂದೆ ಕಾಲು ಮಡಿಸಿ ಕೂತರು. ಕೋಲು ಮುಟ್ಟಲಿಲ್ಲ. ಕೆಳಗಿನ ಸ್ಥಾಯಿಯಿಂದ ಶುರುಮಾಡಿ ಒಂದೊಂದು ಪಟ್ಟಿಯನ್ನೂ ಹುರಿಯ ಮೇಲೇ ಮಗುಚಿ, ಹಿಂಬದಿಯ ಮೇಲೆ ಉಗುರು ಆಡಿಸಿದರು.

"ನನ್ನದು," ಎಂದರು. "ಇದು ಗುರುಗಳದು. ನನ್ನದು. ನನ್ನದು."

ಹದಿನೇಳನೆಯ ಪಟ್ಟಿಯ ಮೇಲೆ ಹಳೆಯ ಚಾಕುವಿನ ಆಳದ ಒಂದು ಗಾಯವಿತ್ತು. ಅಲ್ಲಿ ಅವರ ಬೆರಳು ತಡೆಯಿತು. ಅದನ್ನು ದಾಟಿ ಹದಿನೆಂಟನೆಯದಕ್ಕೆ ಬಂದಾಗ ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದರು. ಅವರು ಯಾವಾಗಲೂ ಅಡ್ಡಡ್ಡ ಹೆರೆಯುತ್ತಿದ್ದರು, ಅವರ ಗುರುವೂ ಹಾಗೇ. ಇಲ್ಲಿ ಗೆರೆಗಳು ಉದ್ದುದ್ದ ಹೋಗಿದ್ದವು, ನರ ಹಿಡಿದು ಎಲೆ ಸೀಳುವವರ ಹಾಗೆ. ಒಂದರ ಮೇಲೊಂದು ಬಿದ್ದಿರಲಿಲ್ಲ. ಯಾವ ಗೆರೆಗೂ ಅವಸರ ಇರಲಿಲ್ಲ.

ಏಳನ್ನೂ ಅವರು ಮುಟ್ಟಿ ನೋಡಿದರು. ಆಮೇಲೆ ತಲೆವಸ್ತ್ರ ತೆಗೆದು ಪಕ್ಕಕ್ಕಿಟ್ಟು, ಬಗ್ಗಿ, ಕೆನ್ನೆಯನ್ನು ತೇಗದ ಅಂಚಿಗೆ ಒತ್ತಿದರು.

"ಥೀರಿ. ಬಾರಿಸು."

"ನಂಗೆ ಬರಲ್ವಲ್ಲ ಅಪ್ಪಾ."

ಅವರು ಅವಳ ತುಟಿಗಳ ಕಡೆ ನೋಡುತ್ತಿರಲಿಲ್ಲ. ಅವಳು ಕೋಲು ಎತ್ತಿಕೊಂಡು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿಯನ್ನು ಬಡಿಯುತ್ತ ಹೋದಳು. ಖಾಲಿ ಕೋಣೆಯಲ್ಲಿ ಸ್ವರಗಳು ನಿಧಾನವಾಗಿ ಹರಡಿದವು. ಎಲ್ಲಿ ಹಳೆಯವು ಮುಗಿದವು, ಎಲ್ಲಿ ಹೊಸವು ಶುರುವಾದವು ಎಂದು ಅವಳಿಗೆ ಗೊತ್ತಾಗಲಿಲ್ಲ. ಅಪ್ಪನ ಕಣ್ಣು ಮುಚ್ಚಿತ್ತು. ಮರದ ಮೂಲಕ ಅವರಿಗೆ ಎಷ್ಟು ತಲುಪಿತೋ, ಏನು ತಲುಪಿತೋ.

ಅವರು ಕೆನ್ನೆ ಎತ್ತಿದರು. ಗುರುವಿನ ಕಾಲದಿಂದ ಊರೆಲ್ಲ ತಮ್ಮನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಅವರು ಮಗಳಿಗೆ ಕೇಳಿದರು.

"ಶ್ರುತಿ ಸರಿ ಇದೆಯಾ?"

"ಸರಿ ಇದೆ ಮೇಷ್ಟ್ರೇ," ತೇ ಔಂಗ್ ಅವಸರದಿಂದ ಹೇಳಿದ.

"ನೀನು ಸುಮ್ನಿರು. ಅವಳು ಹೇಳ್ಲಿ. ನನಗೆ ಯಾರೂ ಇನ್ನು ಸುಳ್ಳು ಹೇಳ್ಬೇಡಿ."

ಥೀರಿ ಮೇಲಿನ ಪಟ್ಟಿಗಳನ್ನು ಇನ್ನೊಮ್ಮೆ ಬಡಿದಳು. ಅಪ್ಪನ ಎದುರಿಗೆ ಬಂದು ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನಾನು ಚಿಕ್ಕವಳಿದ್ದಾಗ ಇದ್ದ ಹಾಗೇ ಇದೆ. ಆದ್ರೆ..."

"ಆದ್ರೆ?"

"ಎಲ್ಲಕ್ಕಿಂತ ಮೇಲಿನದು. ಅದು ಒಂಚೂರು ತಗ್ಗು. ಕೂದಲಷ್ಟು."

ತೇ ಔಂಗ್ ಮುಖ ಸಣ್ಣದು ಮಾಡಿಕೊಂಡ. "ನಾನೂ ಅಂದೆ. ಅಮ್ಮ ಕೇಳಲಿಲ್ಲ. ಹೀಗೇ ಇರಬೇಕು ಅಂದ್ರು."

ಮೇಷ್ಟ್ರು ಥೀರಿಯ ಬಾಯನ್ನೇ ನೋಡುತ್ತಿದ್ದರು. "ತಗ್ಗಾ? ಮೇಲಿನದಾ?" ಎರಡು ಸಲ ಕೇಳಿದರು. ಅವಳು ಎರಡು ಸಲ ತಲೆಯಾಡಿಸಿದಳು. ಅವರ ಮುಖದ ಮೇಲೆ ನಗುವೋ ಅಳುವೋ ತಿಳಿಯದ ಏನೋ ಒಂದು ಹರಡಿತು.

"ಗುರುಗಳ ಕಾಲದಿಂದ್ಲೂ ಅದು ತಗ್ಗೇ. ಅವರು ಅದನ್ನ ಮುಟ್ಟಲಿಲ್ಲ, ನನಗೂ ಮುಟ್ಟಬೇಡ ಅಂದಿದ್ರು. ನಾನು ಯಾವ ಶಿಷ್ಯನಿಗೂ ಇದನ್ನ ಹೇಳಿಲ್ಲ." ಆ ಕೊನೆಯ ಪಟ್ಟಿಯ ಮೇಲೆ ಅಂಗೈ ಇಟ್ಟರು. "ಅವಳಿಗೂ ಹೇಳಿರಲಿಲ್ಲ. ಅವಳು ಕೇಳಿಸ್ಕೊಂಡಿದ್ದಾಳೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ಕರೆದರು. ಭಿಕ್ಷುಗಳು ಸ್ಮಶಾನಕ್ಕೆ ಬಂದಾಗಿತ್ತು. ತೇ ಔಂಗ್ ಕೈ ಕೊಡಲು ಬಗ್ಗಿದ. ಮೇಷ್ಟ್ರು ಫಲಕದ ಕಡೆ ಬೆರಳು ಮಾಡಿದರು.

"ಅದನ್ನ ಕಿತ್ತು ಬೇರೆ ಬರಿ. ಮೊದಲು ಅವಳ ಹೆಸರು. ಆಮೇಲೆ ಜಾಗ ಇದ್ರೆ ನನ್ನದು."

*

ಸ್ಮಶಾನದ ಚಪ್ಪರದಡಿ ಐದು ಜನ ಭಿಕ್ಷುಗಳು ಬೀಸಣಿಗೆ ಹಿಡಿದು ಕೂತಿದ್ದರು. ಪೆಟ್ಟಿಗೆ ಕುಣಿಯ ಅಂಚಿನಲ್ಲಿತ್ತು. ಮೇಷ್ಟ್ರು ಬೆವರುತ್ತ ಬಂದು ನೆಲದ ಮೇಲೆ ಕೂತಾಗ ಟಿನ್ ಓನ್ ಏನೂ ಕೇಳದೆ ಅವರ ಕೈಗೆ ನೀರಿನ ಗಿಂಡಿ ಕೊಟ್ಟು, ಮುಂದೆ ಬಟ್ಟಲಿಟ್ಟಳು.

ಪಠಣ ಶುರುವಾದದ್ದು ಅವರಿಗೆ ತಿಳಿಯುವಂತಿರಲಿಲ್ಲ. ಥೀರಿ ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೆಲ್ಲನೆ ಒತ್ತಿದಳು. ಅವರು ಗಿಂಡಿ ಬಾಗಿಸಿದರು. ನೀರು ದಾರದಷ್ಟು ಸಣ್ಣಗೆ, ಕಡಿಯದೆ, ಬಟ್ಟಲಿಗೆ ಇಳಿಯಿತು. ಪಠಣ ನಿಂತಾಗ ಅವಳು ಮತ್ತೆ ಒತ್ತಿದಳು. ಅವರು ನಿಲ್ಲಿಸಿದರು.

ಪುಣ್ಯ ಹಂಚುವ ಕೂಗು ಎದ್ದಿತು. ಎಲ್ಲರೂ ಒಟ್ಟಾಗಿ, "ಪಾಲು ತಗೊಳ್ಳಿ, ಪಾಲು ತಗೊಳ್ಳಿ, ಪಾಲು ತಗೊಳ್ಳಿ," ಎಂದರು. "ಸಾಧು, ಸಾಧು, ಸಾಧು." ನಾಲ್ಕು ಜನ ಗಂಡಸರು ಹಗ್ಗಗಳಿಗೆ ಕೈ ಹಾಕಿ ಪೆಟ್ಟಿಗೆಯನ್ನು ಎತ್ತಿದರು. ಮೂರು ಸಲ ತೂಗಿ ಕೆಳಗಿಳಿಸಬೇಕು. ಒಂದು ಸಲ ತೂಗಿತು.

ಆಗ ಮೇಷ್ಟ್ರು ಶುರುಮಾಡಿದರು. ಬೇರೆಯವರು ಮುಗಿಸಿದ್ದು ಅವರಿಗೆ ಗೊತ್ತಿರಲಿಲ್ಲ.

"ಪಾಲು ತಗೋ," ಎಂದರು. ದನಿ ಜೋರಾಗಿತ್ತು, ಸ್ಮಶಾನದ ಬೇಲಿ ದಾಟುವಷ್ಟು. ಅದು ಊರಿಗೆಲ್ಲ ಹೇಳುವ ಮಾತಿನಂತಿರಲಿಲ್ಲ. ಒಳಮನೆಯಲ್ಲಿರುವವಳನ್ನು ಊಟಕ್ಕೆ ಕರೆದಂತಿತ್ತು.

ಟಿನ್ ಓನ್ ಕೈ ಎತ್ತಿದಳು. ಹಗ್ಗ ಹಿಡಿದವರು ನಿಂತರು. ಹಿರಿಯ ಭಿಕ್ಷು ಬೀಸಣಿಗೆಯನ್ನು ಮತ್ತೆ ಮುಖಕ್ಕೆ ತಂದುಕೊಂಡರು.

ಮೇಷ್ಟ್ರು ಬಿಡುವು ತೆಗೆದುಕೊಂಡರು. ಉದ್ದದ ಬಿಡುವು. ಒಂದು ಸ್ವರ ಪೂರ್ತಿ ಅಡಗುವ ಮುನ್ನ ಇನ್ನೊಂದನ್ನು ಬಡಿಯಬಾರದೆಂದು ಅವರು ಮಳೆಗಾಲದ ಮಧ್ಯಾಹ್ನಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದಷ್ಟು ಉದ್ದ. ಬಿಸಿಲು ಏರಿತ್ತು. ಹೊಳೆಯ ಕಡೆಯಿಂದ ಬಂದ ಗಾಳಿ ಕಾಗದದ ಬೀಸಣಿಗೆಗಳನ್ನು ಅಲುಗಾಡಿಸಿತು.

"ಪಾಲು ತಗೋ."

ಹಗ್ಗ ಹಿಡಿದ ತೋಳುಗಳು ನಡುಗುತ್ತಿದ್ದವು. ಯಾರೂ ಇಳಿಸಲಿಲ್ಲ. ನೆಲಕ್ಕೂ ತಾಗದೆ, ಕುಣಿಗೂ ಇಳಿಯದೆ ಪೆಟ್ಟಿಗೆ ಗಾಳಿಯಲ್ಲಿ ತೂಗುತ್ತ, ಮೂರನೆಯದಕ್ಕಾಗಿ ಕಾಯುತ್ತಿತ್ತು.